ಹಾಡಿಗೆ ಮುಂಚೆ ಒಂದು ಗುಟುಕು ನೀರು

ಏಪ್ರಿಲ್ ಎರಡನೇ ವಾರದ ಒಂದು ಮುಂಜಾನೆ ಲಕ್ಷ್ಮಿಬಾಯಿಯ ಅಂಗಳದಲ್ಲಿ ಜೀಪು ಬಂದು ನಿಂತಿತು. ಇಳಿದವನು ಸಂಜೀವಕುಮಾರ ಸಾಹುಕಾರ, ಕೈಯಲ್ಲಿ ಮಗಳ ಮದುವೆಯ ಕಾರ್ಡು. ಸಾಹುಕಾರನ ಮನೆಯ ಕಾರ್ಡು ಕುರಿಯವರ ಓಣಿಗೆ ಬರುವುದೇ ಅಪರೂಪ, ಬಂದರೂ ಆಳಿನ ಕೈಯಲ್ಲಿ ಬರುತ್ತದೆ. ಇವನೇ ಖುದ್ದಾಗಿ ಬಂದಿದ್ದಾನೆಂದರೆ ಏನೋ ಇದೆ ಎಂದು ಲಕ್ಷ್ಮಿಬಾಯಿಯ ಎದೆ ಧಸಕ್ಕೆಂದಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು.

"ರಜನಿ ಮದುವಿ ಅದ, ತಾಂಡೂರಾಗ. ನಿನ್ನ ಹಾಡು ಆಗಬೇಕು ಅಂತ ಹಠಾ ಹಿಡದಾಳ" ಎಂದ ಸಾಹುಕಾರ. ಹೊರಸಿನ ಮೇಲೆ ಕೂಡಲಿಲ್ಲ, ಚಹಾ ಬೇಡವೆಂದ. "ಮೊದಲನೇ ಹಾಡು ಮನಿ ಯಜಮಾನನ ಮ್ಯಾಲ, ಅಂದ್ರ ನನ್ನ ಮ್ಯಾಲ. ಗೊತ್ತದ ಅಲ್ಲ?"

"ಗೊತ್ತದ್ರಿ ಸಾವ್ಕಾರ್ರ."

"ಛಲೋ ಹಾಡು. ಮರುದಿನಾನೇ ಗೇಟು ತೆಗೀತೀನಿ. ಮಳಿ ಬರೂತನಕ ನಿಮ್ಮ ಕುರಿ ನೀರು ಕುಡೀಲಿ. ಏನರೆ ಹೆಚ್ಚುಕಮ್ಮಿ ಆತು ಅಂದ್ರ ಗೇಟಿಗಿ ವೆಲ್ಡಿಂಗ್ ಹೊಡಸ್ತೀನಿ. ಆಮ್ಯಾಲ ನನ್ನ ಬಾಗಿಲಿಗಿ ಬರಬ್ಯಾಡ್ರಿ."

ಇಷ್ಟು ಹೇಳಿ ಅವನು ಕಾರ್ಡಿಗೆ ಹಚ್ಚಿದ ಅರಿಶಿನ ಒರೆಸಿಹೋಗದಂತೆ ಎರಡು ಬೆರಳಲ್ಲಿ ಹಿಡಿದು ಕೊಟ್ಟ. ಜೀಪು ಹೋದ ಮೇಲೂ ಲಕ್ಷ್ಮಿಬಾಯಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಒಲೆಯ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂದಾಗಲೇ ಎಚ್ಚರ.

ಊರಿನ ಹೆಸರು ಇಲ್ಲಿ ಬೇಡ. ಬಶೀರಾಬಾದಿನಿಂದ ಶೇರ್ ಆಟೋದಲ್ಲಿ ಇಪ್ಪತ್ತು ನಿಮಿಷ ಎಂದರೆ ಸಾಕು. ಗೇಟು ಅಂದರೆ ಊರ ಪಡುವಣಕ್ಕಿರುವ ಹಳೇ ಖಣಿಯ ಗೇಟು. ತಾಂಡೂರು ಸೀಮೆಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಬಿಟ್ಟುಹೋದ ಇಂಥ ಗುಂಡಿಗಳಿಗೆ ಲೆಕ್ಕವಿಲ್ಲ. ಕಲ್ಲು ಮುಗಿದ ಮೇಲೆ ಮಳೆಯ ನೀರು ತುಂಬುತ್ತದೆ, ಬೇಸಗೆಯಲ್ಲೂ ಬತ್ತುವುದಿಲ್ಲ. ಇಪ್ಪತ್ತು ವರ್ಷದಿಂದ ಊರಿನ ಕುರಿಗಳೆಲ್ಲ ಅಲ್ಲೇ ನೀರು ಕುಡಿದು ಬೆಳೆದವು. ಹೋದ ಚಳಿಗಾಲದಲ್ಲಿ ಸಾಹುಕಾರ ಅದರೊಳಗೆ ಮೀನು ಬಿಟ್ಟ. ಕುರಿ ಇಳಿದರೆ ನೀರು ಕದಡುತ್ತದೆ, ಮೀನು ಸಾಯುತ್ತವೆ ಎಂದು ಸುತ್ತಲೂ ತಂತಿ ಬೇಲಿ ಹಾಕಿಸಿ ಕಬ್ಬಿಣದ ಗೇಟಿಗೆ ಬೀಗ ಜಡಿದ. ಜಾಗ ಸರ್ಕಾರದ್ದು ಅನ್ನುವುದು ಅವನಿಗೂ ಗೊತ್ತು, ಊರಿಗೂ ಗೊತ್ತು. ಅರ್ಜಿ ಕೊಟ್ಟರು. ಕೊಟ್ಟ ಅರ್ಜಿ ಯಾವ ಕಪಾಟು ಸೇರಿತೋ ಯಾರಿಗೂ ತಿಳಿಯಲಿಲ್ಲ.

ಲಕ್ಷ್ಮಿಬಾಯಿಯ ಗಂಡ ಮಾಳಿಂಗಪ್ಪನಿಗೆ ಎಂಬತ್ತನಾಲ್ಕು ಕುರಿ. ಈಗ ಅವುಗಳನ್ನು ನೀರಿಗೆಂದು ನಾಲ್ಕು ಮೈಲಿ ದೂರದ ಕಾಗಿಣಾ ಹೊಳೆಯ ಮಡುವಿಗೆ ಹೊಡೆದುಕೊಂಡು ಹೋಗಬೇಕು, ಮತ್ತೆ ನಾಲ್ಕು ಮೈಲಿ ವಾಪಸು. ಹೋಗುವಾಗಿನ ಬಾಯಾರಿಕೆ ಬರುವಷ್ಟರಲ್ಲಿ ಮತ್ತೆ ಹಾಜರು. ಆ ಹಾದಿಯಲ್ಲಿ ಆಗಲೇ ಮೂರು ಮರಿ ಬಿದ್ದು ಸತ್ತಿದ್ದವು. ಎರಡು ಗಬ್ಬದ ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಮೇ ತಿಂಗಳು ಇನ್ನೂ ಮುಂದಿತ್ತು.

ಹೀಗಿರುವಾಗ ಸಾಹುಕಾರನನ್ನು ಹೊಗಳಿ ಹಾಡಲು ಏನು ಕಷ್ಟ ಎಂದು ಯಾರಾದರೂ ಕೇಳಬಹುದು. ಕಷ್ಟ ಇರುವುದೇ ಅಲ್ಲಿ. ಲಕ್ಷ್ಮಿಬಾಯಿ ಸುಮ್ಮನೆ ಹಾಡುವ ಹೆಂಗಸಲ್ಲ.

ಅವಳ ತವರು ನಾರಾಯಣಖೇಡದ ಕಡೆ. ಹದಿನೇಳಕ್ಕೆ ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ಬರುತ್ತಿದ್ದುದು ಎರಡೋ ಮೂರೋ ಬೀಸುವ ಹಾಡು. ಉಳಿದದ್ದೆಲ್ಲ ಅತ್ತೆ ಈಶಮ್ಮ ಕಲಿಸಿದ್ದು. ಈಶಮ್ಮ ಆ ಕಾಲಕ್ಕೆ ಸುತ್ತ ಹತ್ತೂರಿಗೆ ಮದುವೆ ಹಾಡಿನವಳು. ಚಪ್ಪರದಲ್ಲಿ ಬೀಗರನ್ನು ಗೇಲಿ ಮಾಡುವ ಹಾಡು ಎಲ್ಲ ಕಡೆ ಇದೆ. ಈಶಮ್ಮ ಅದನ್ನೇ ಹಿಡಿದು ಬೀಗರ ಜೊತೆಗೆ ಊರಿನ ದೊಡ್ಡವರನ್ನೂ ಎಳೆದು ತರುತ್ತಿದ್ದಳು. ಚಪ್ಪರದ ಕೆಳಗೆ ಹಾಡಿದ್ದಕ್ಕೆ ಸಿಟ್ಟು ಮಾಡುವಂತಿಲ್ಲ ಎನ್ನುವುದು ಅಲ್ಲಿಯ ಕಟ್ಟಳೆ. ಯಾರ ಮೇಲೆ ಹಾಡು ಬಿತ್ತೋ ಅವನು ನಗುನಗುತ್ತಾ ಎದ್ದು ಬಂದು ಹಾಡಿದವಳ ಉಡಿಗೆ ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಹಾಕಬೇಕು. ಹಾಕದೆ ಹೋದರೆ ಮುಂದಿನ ಮದುವೆಯಲ್ಲೂ ಅದೇ ಹಾಡು.

ಬೀಸುಕಲ್ಲಿನ ಮುಂದೆ ಕೂತು ಈಶಮ್ಮ ಸೊಸೆಗೆ ಹೇಳಿಕೊಟ್ಟದ್ದು ಹೀಗೆ. "ಹೆಸರು ಹಿಡದು ಹಾಡಬ್ಯಾಡ, ಪ್ರಾಣಿ ಮ್ಯಾಲ ಹಾಕಿ ಹಾಡು. ಹಿಂಗಾತು ಅಂತ ಹೇಳಬ್ಯಾಡ, ಯಾಕ ಹಿಂಗಾತು ಅಂತ ಕೇಳು. ಬೈಬ್ಯಾಡ, ಹೊಗಳು. ಎಷ್ಟು ಬೈಬೇಕು ಅನಸ್ತದೋ ಅದರ ಎರಡರಷ್ಟು ಹೊಗಳು."

ಇನ್ನೊಂದು ಸಂಗತಿಯನ್ನು ಈಶಮ್ಮ ಬಾಯಿಬಿಟ್ಟು ಹೇಳಿರಲಿಲ್ಲ, ಸೊಸೆ ನೋಡಿ ಕಲಿತಿದ್ದಳು. ಹರಸುವ ಹಾಡಾದರೆ ಈಶಮ್ಮ ನೇರ ಶುರು ಮಾಡುತ್ತಿದ್ದಳು. ಹಿಂದೆ ಕೂತ ಹೆಂಗಸರು ಪ್ರತಿ ಸಾಲಿಗೂ "ಸೋಬಾನ" ಎಂದು ದನಿ ಕೂಡಿಸುತ್ತಿದ್ದರು. ಚುಚ್ಚುವ ಹಾಡಾದರೆ ಮಾತ್ರ ಮೊದಲು ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಅದನ್ನು ಕಂಡದ್ದೇ ಹಿಂದಿನವರು ಸೋಬಾನ ಬಿಟ್ಟು ಮೂಗಿನಲ್ಲಿ ರಾಗ ಎಳೆಯುತ್ತಿದ್ದರು, "ಹೌದೇನವ್ವಾ? ಹೌದವ್ವಾ!" ಎಂದು. ಆ ಎರಡು ಮಾತು ಬಿದ್ದರೆ ಚಪ್ಪರದ ಮಂದಿಗೆ ತಿಳಿಯುತ್ತಿತ್ತು, ಇದು ಹೊಗಳಿಕೆಯಲ್ಲ ಎಂದು. ಈಶಮ್ಮನ ಗಂಟಲು ಹೋಗಿ ಅವಳು ಮನೆ ಹಿಡಿದ ಮೇಲೆ ಹಾಡಿನ ಜೊತೆ ಆ ಗುಟುಕು ನೀರೂ ಲಕ್ಷ್ಮಿಬಾಯಿಗೆ ಬಂತು. ಅವಳ ಹಿಂದೆ ದನಿ ಕೂಡಿಸುವವರು ಇಬ್ಬರು, ಸುಂದರಬಾಯಿ ಮತ್ತು ಮಂಗಲಾ. ಇಪ್ಪತ್ತು ವರ್ಷದಿಂದ ಜೊತೆಗಿದ್ದಾರೆ, ಹಾಡಿಗೆ ಮುಂಚೆ ಅವರಿಗೇನೂ ಹೇಳಬೇಕಾಗಿಲ್ಲ.

ಅವಳ ಹಾಡುಗಳಲ್ಲಿ ಕೆಲವು ಊರೂರು ಸುತ್ತಿವೆ. ಹಿಂದೆ ಒಬ್ಬ ಖಾಕಿಯವನು ಗುಡ್ಡದಲ್ಲಿ ಮೇಯುವ ಹಿಂಡಿನಿಂದ ವಾರಕ್ಕೊಂದು ಟಗರು ಎತ್ತಿಕೊಂಡು ಹೋಗುತ್ತಿದ್ದ. ಲಕ್ಷ್ಮಿಬಾಯಿ ಅವನ ತಂಟೆಗೆ ಹೋಗಲಿಲ್ಲ, ತೋಳನನ್ನು ಮಾತಾಡಿಸಿದಳು:

ತೋಳಪ್ಪ ತೋಳಪ್ಪ, ನೀ ಮರ್ಯಾದಿಯವ,
ಹೊಟ್ಟಿ ಹಸದರ ಅಷ್ಟ ಹಟ್ಟಿಗಿ ಬರ್ತಿ,
ಕದ್ದು ತಿಂತಿ, ನಾಚಿ ಓಡ್ತಿ,
ಹಗಲೊತ್ತು ಬೂಟು ಹಾಕ್ಕೊಂಡು ಬರಲಿಲ್ಲ.

ತೂಕದಲ್ಲಿ ಕೈ ಆಡಿಸುತ್ತಿದ್ದ ರೇಷನ್ ಡೀಲರನಿಗೆ ಕಟ್ಟಿದ್ದು ಬೇರೆ ನಮೂನೆ:

ತಕ್ಕಡಿ ಹಿಡದ ಧರ್ಮದ ಧಣಿಯೇ,
ನಮ್ಮ ಚೀಲದ ಭಾರ ನೀನ ಹೊತ್ತಿಯಲ್ಲ!
ಹಗುರ ಮಾಡಿ ಕಳಿಸಿದಿ, ಹಾದಿ ಸನಿ ಆತು,
ಮನಿ ಮುಟ್ಟೂತನಕ ದಣಿವs ಇಲ್ಲ.

ಜಹೀರಾಬಾದಿನ ಕಾಲೇಜಿನಿಂದ ದತ್ತು ಎಂಬ ಮೇಷ್ಟ್ರು ಬಂದು ಮೊಬೈಲಿನಲ್ಲಿ ಇವನ್ನೆಲ್ಲ ತುಂಬಿಕೊಂಡು ಹೋಗಿದ್ದ. ತೋಳನ ಹಾಡಿಗೆ ಅನ್ಯೋಕ್ತಿ ಎನ್ನುತ್ತಾರೆ, ಹೊಗಳಿ ಬೈಯುವುದಕ್ಕೆ ವ್ಯಾಜಸ್ತುತಿ ಎನ್ನುತ್ತಾರೆ, ಪಂಡಿತರು ಗ್ರಂಥ ಬರೆದಿದ್ದಾರೆ ಎಂದು ವಿವರಿಸಿದ. ಲಕ್ಷ್ಮಿಬಾಯಿ ಕೇಳಿಸಿಕೊಂಡು, "ಕೇಳಿದ್ರ ಡಾಕ್ಟರು ರೋಗದ ಹೆಸರು ಹೇಳಿದಂಗ ಅನಸ್ತದ್ರಿ ಸರ" ಎಂದಿದ್ದಳು.

ಮೇಷ್ಟ್ರಿಗೆ ಅವಳು ಒಂದು ಸಂಗತಿ ಹೇಳಿರಲಿಲ್ಲ. ಡೀಲರ್ ಚಪ್ಪರದಲ್ಲಿ ನಗುತ್ತಲೇ ಉಡಿ ತುಂಬಿದ. ಮುಂದಿನ ತಿಂಗಳು ರೇಷನ್ ಕಾರ್ಡಿನಲ್ಲಿ ಅವಳ, ಗಂಡನ, ಅತ್ತೆಯ, ಮಗನ ನಾಲ್ಕೂ ಹೆಸರು ಇರಲಿಲ್ಲ. ಹೇಗೆ ಹೋದವು ಎಂದು ಕೇಳಿದರೆ ಕಂಪ್ಯೂಟರ್ ತೋರಿಸಿದರು. ಹೆಸರು ವಾಪಸು ಬರಲು ಮೂರು ವರ್ಷ ಹಿಡಿಯಿತು. ಹಾಡನ್ನು ಊರೆಲ್ಲ ನೆನಪಿಟ್ಟುಕೊಂಡಿದೆ. ಆ ಮೂರು ವರ್ಷ ನೆನಪಿರುವುದು ಅವಳಿಗೊಬ್ಬಳಿಗೇ. ಚಪ್ಪರದ ಕಟ್ಟಳೆ ಚಪ್ಪರ ಬಿಚ್ಚುವವರೆಗೆ ಮಾತ್ರ ಎಂದು ಅವಳಿಗೆ ಅಂದೇ ತಿಳಿದುಹೋಯಿತು. ಅಲ್ಲಿಂದ ಪ್ರತಿ ಹಾಡಿಗೂ ಅವಳಿಗೆ ಅಂಜಿಕೆ. ಹೊರಗೆ ಯಾರಿಗೂ ಕಾಣುತ್ತಿರಲಿಲ್ಲ, ಎಲ್ಲರೂ ಅವಳನ್ನು ಗಂಡೆದೆಯವಳು ಎನ್ನುತ್ತಿದ್ದರು.

ಕಾರ್ಡು ಬಂದ ದಿನ ಮಾಳಿಂಗಪ್ಪ ಹೊಳೆಯಿಂದ ವಾಪಸು ಬಂದಾಗ ಹೆಗಲ ಮೇಲೊಂದು ಮರಿ ಇತ್ತು. ಅದು ನಾಲಿಗೆ ಹೊರಗೆ ಹಾಕಿತ್ತು. ಹೆಂಡತಿಯ ಮಾತು ಪೂರಾ ಕೇಳಿ ಅವನು ಮರಿಯನ್ನು ನೆರಳಿಗೆ ಮಲಗಿಸಿದ.

"ಇದೊಂದು ಸಲ ಖರೇನೇ ಹೊಗಳು" ಎಂದ. "ನಿನ್ನ ಕಾಲು ಬೀಳ್ತೀನಿ. ಹೊಗಳಿದ್ರ ಬಾಯಿ ಏನು ಸವೆಯೂದಿಲ್ಲ."

"ಮಂದಿ ಏನಂತಾರ? ಸಾವ್ಕಾರಗ ಅಂಜಿ ಹಾಡಿದಳು ಅಂತಾರ."

"ಅನ್ನಲಿ. ಅಂದವರು ಬಂದು ನೀರು ಕುಡಸ್ತಾರೇನು?"

ಮರಿ ಸಂಜೆಯೊಳಗೆ ಸತ್ತಿತು. ಲಕ್ಷ್ಮಿಬಾಯಿ ಅವತ್ತೇ ತೀರ್ಮಾನ ಮಾಡಿದಳು, ಹೊಗಳುವುದೇ ಸರಿ. ಅದೂ ಮನಃಪೂರ್ವಕ ಹೊಗಳಬೇಕು.

ಮಾಡಿ ನೋಡಿದವರಿಗೆ ಗೊತ್ತು, ಇದು ಅಷ್ಟು ಸಲೀಸಲ್ಲ. ಮೂವತ್ತು ವರ್ಷ ಒಂದೇ ಕಡೆ ತಿರುಗಿದ ಕೈಯಿಂದ ಬೀಸುಕಲ್ಲನ್ನು ತಿರುವುಮುರುವಾಗಿ ತಿರುಗಿಸಿದಂತೆ. ಹೊಲದ ಬದುವಿನಲ್ಲಿ ಒಬ್ಬಳೇ ಕೂತು ಸಾಹುಕಾರ ಮಾಡಿದ ಒಳ್ಳೆಯ ಕೆಲಸಗಳನ್ನು ನೆನೆದಳು. ಹುಡುಕಿದರೆ ಸಿಕ್ಕವು. ಶಾಲೆಗೆ ಪರಸಿ ಕೊಟ್ಟಿದ್ದ. ಕ್ರಾಸಿನಲ್ಲಿ ಬಸ್ಸಿಗೆ ನಿಲ್ಲುವವರಿಗೆ ನೆರಳು ಕಟ್ಟಿಸಿದ್ದ. ಲಾಕ್‌ಡೌನಿನಲ್ಲಿ ಮಂಗಲಾಳ ಸೊಸೆಗೆ ಹೆರಿಗೆ ನೋವು ಬಂದಾಗ ತನ್ನ ಜೀಪಿನಲ್ಲೇ ತಾಂಡೂರಿಗೆ ಒಯ್ದಿದ್ದ. ಮೂರೂ ಸುಳ್ಳಲ್ಲ. ನೀರಿನ ಸುದ್ದಿ, ಕುರಿಯ ಸುದ್ದಿ, ಖಣಿಯ ಸುದ್ದಿ ಅಪ್ಪಿತಪ್ಪಿಯೂ ಬರಬಾರದೆಂದು ಒಂದೊಂದು ಪದವನ್ನೂ ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿದಳು. ಕೊನೆಗೆ ಮನೆ ಯಜಮಾನನ ಹಾಡಿಗೆ ಎಲ್ಲರೂ ಹಾಕುವ ವಾಡಿಕೆಯ ಎರಡು ಸಾಲು ಜೋಡಿಸಿ ಮುಗಿಸಿದಳು. ಆ ಎರಡು ಸಾಲನ್ನು ಮಾತ್ರ ಆರಿಸಲಿಲ್ಲ. ನೂರು ಮದುವೆಯಲ್ಲಿ ಹಾಡಿದ ಸಾಲುಗಳು, ಅದರಲ್ಲೇನು ಆರಿಸುವುದು?

ಸುಂದರಬಾಯಿ ಕೇಳಿದಳು, "ಅಕ್ಕಾ, ಸಾವ್ಕಾರಗ ಏನು ಕಟ್ಟಿದಿ?"

"ಹೊಗಳೂ ಹಾಡು" ಎಂದಳು ಲಕ್ಷ್ಮಿಬಾಯಿ, ನೆಲ ನೋಡುತ್ತಾ.

ಸುಂದರಬಾಯಿ ಮಂಗಲಾಳ ಮುಖ ನೋಡಿದಳು. ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು. ಖರೇನೇ ಹೊಗಳ್ತೀನವ್ವಾ ಎಂದು ಹೇಳಬೇಕೆಂದು ಲಕ್ಷ್ಮಿಬಾಯಿಯ ನಾಲಿಗೆಯ ತುದಿಗೆ ಬಂದಿತ್ತು. ಇವರಿಬ್ಬರ ಕುರಿಯೂ ಅದೇ ಹೊಳೆಗೆ ನಡೆಯುತ್ತಿವೆ, ಇವರ ಮುಂದೆ ಅಂಜುಬುರುಕಿ ಆಗಲು ನಾಚಿಕೆಯಾಯಿತು. ನುಂಗಿಕೊಂಡಳು. ಆ ನಾಚಿಕೆಯೇ ಮುಂದೆ ಅವಳನ್ನು ಹಿಡಿದು ಹಾಕಿತು.

ತಾಂಡೂರಿನ ಫಂಕ್ಷನ್ ಹಾಲು. ಕೂಲರಿನ ಸದ್ದು, ಹೂವಿನ ಕಮಾನು, ಕಣ್ಣಿಗೆ ಹೊಡೆಯುವ ಲೈಟು. ಬೀಗರು ಬೀದರದ ಕಡೆಯವರು, ಮುನ್ನೂರು ಜನ ಬಂದಿದ್ದರು. ಅವರ ಎದುರಿಗೆ ಯಾಲಾಲ್, ಬಶೀರಾಬಾದ್ ಕಡೆಯ ಮಂದಿ. ಕರಣಕೋಟದ ಸಿಮೆಂಟು ಕಾರ್ಖಾನೆಯ ಸಾಹೇಬರಿಗೆಂದು ಮುಂದಿನ ಸಾಲಿನಲ್ಲಿ ಸೋಫಾ ಹಾಕಿದ್ದರು. ಊರಿನ ಕುರಿಯವರೆಲ್ಲ ಹಿಂದಿನ ಸಾಲಿನಲ್ಲಿ ಕಿಕ್ಕಿರಿದು ಕೂತಿದ್ದರು. ಅವರು ಬಂದದ್ದು ಊಟಕ್ಕಲ್ಲ. ಲಕ್ಷ್ಮಿಬಾಯಿ ಇವತ್ತು ಏನು ಹಾಡುತ್ತಾಳೆ ಎಂದು ಕೇಳಲು ಬಂದಿದ್ದರು.

ಮಾಳಿಂಗಪ್ಪ ಕಂಬಕ್ಕೆ ಒರಗಿ ನಿಂತು ಹೆಂಡತಿಯನ್ನೇ ನೋಡುತ್ತಿದ್ದ. ಮೈಕಿನ ಮುಂದೆ ಚಾಪೆಯ ಮೇಲೆ ಕೂತ ಲಕ್ಷ್ಮಿಬಾಯಿ ಮೊದಲ ಸಾಲು ಮನಸ್ಸಿನಲ್ಲೇ ಹೇಳಿಕೊಂಡಳು, ಬಂತು. ಎರಡನೆಯದು ಬರಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಕೆಮ್ಮಿದಳು. ಮೈಕು ಆ ಕೆಮ್ಮನ್ನು ಹಾಲಿನ ತುಂಬ ಹರಡಿತು.

ಆಗ ಸಾಹುಕಾರ ವೇದಿಕೆಯಿಂದ ಇಳಿದು ಬಂದ. ಮಗಳ ಮದುವೆಯ ಸಡಗರದಲ್ಲಿ ಅವನ ಮುಖ ಅರಳಿತ್ತು. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಾನೇ ತಿರುಗಿಸಿ, "ಗಂಟಲ ಒಣಗ್ಯಾದ ಲಕ್ಷ್ಮಿಬಾಯಿ, ತಗೋ, ಕುಡಿ" ಎಂದು ಎಲ್ಲರೂ ನೋಡುವಂತೆ ಮುಂದೆ ಹಿಡಿದ. ವಿಡಿಯೋದವನು ಕ್ಯಾಮೆರಾ ತಿರುಗಿಸಿದ. ಲಕ್ಷ್ಮಿಬಾಯಿ ಬಾಟಲಿ ತಗೊಂಡಳು, ಒಂದು ಗುಟುಕು ಕುಡಿದಳು, ಕೆಳಗಿಟ್ಟಳು.

ಇಟ್ಟ ಮೇಲೆ ಅವಳಿಗೆ ತಿಳಿಯಿತು ತಾನೇನು ಮಾಡಿದೆ ಎಂದು. ಬೆನ್ನ ಹಿಂದೆ ಬಳೆಗಳ ಸದ್ದಾಯಿತು, ಸುಂದರಬಾಯಿ ಮತ್ತು ಮಂಗಲಾ ನೆಟ್ಟಗೆ ಕೂತರು. ತಿರುಗಿ ನೋಡಿ ಕಣ್ಣಲ್ಲೇ ಬೇಡ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಸಾಹುಕಾರ "ಹೂಂ, ಶುರು ಮಾಡು" ಎಂದ, ಅವಳ ಬಾಯಿ ತಾನಾಗಿ ತೆರೆಯಿತು.

ಶಾಲಿ ಕೂಸುಗಳು ಮಣ್ಣಾಗ ಕೂತಿದ್ದ ಕಂಡು
ಹಾಸ್ಯಾನ ನಮ್ಮಪ್ಪ ನುಣುಪಾದ ಪರಸಿ.

"ಹೌದೇನವ್ವಾ?" ಎಂದು ಮೂಗಿನಲ್ಲಿ ಎಳೆದಳು ಸುಂದರಬಾಯಿ. "ಹೌದವ್ವಾ!" ಎಂದು ಮುಗಿಸಿದಳು ಮಂಗಲಾ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಾಲೆಗೆ ಕೊಟ್ಟ ಪರಸಿ ಮೂಲೆ ಒಡೆದು ಯಾರೂ ಕೊಳ್ಳದೆ ಬಿದ್ದಿದ್ದ ಮಾಲು ಎನ್ನುವುದು ಅವರಿಗೆಲ್ಲ ನೆನಪಾಯಿತು. ಲಕ್ಷ್ಮಿಬಾಯಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಅಪಶಕುನ, ಮದುವೆ ಮನೆ.

ಬಸ್ಸಿಗಿ ನಿಂತವರ ನೆತ್ತಿ ಸುಡೂದು ಕಂಡು
ಕಟ್ಟಿಸ್ಯಾನ ನಮ್ಮಪ್ಪ ತಂಪನ ನೆರಳು.

"ಹೌದೇನವ್ವಾ? ಹೌದವ್ವಾ!" ಈ ಸಲ ಹಿಂದಿನ ಸಾಲೂ ಕೂಡಿಕೊಂಡಿತು. ಆ ನೆರಳಿನ ತಗಡು ಮೊದಲನೇ ಗಾಳಿಗೇ ಹಾರಿ ಹೊಲದಲ್ಲಿ ಬಿದ್ದಿತ್ತು, ಈಗ ಅಲ್ಲಿ ಆಡು ಕಟ್ಟುತ್ತಾರೆ. ಬೀಗರಿಗೆ ಇದೆಲ್ಲ ಗೊತ್ತಿಲ್ಲ, ಆದರೆ ಬೀದರದವರಿಗೆ ಗೇಲಿಯ ಆ ರಾಗ ಗೊತ್ತು. ಅವರು ಪಕ್ಕದವರನ್ನು ಏನದು, ಏನದು ಎಂದು ಕೇಳಿ ತಿಳಿದು ನಗತೊಡಗಿದರು. ಜೀಪಿನಲ್ಲಿ ಬಸುರಿಯನ್ನು ಒಯ್ದ ಸಾಲಿಗೆ ಸ್ವತಃ ಮಂಗಲಾಳೇ "ಹೌದೇನವ್ವಾ?" ಎಂದಳು. ಅವಳದೇ ಸೊಸೆ, ಅವಳದೇ ಮೊಮ್ಮಗು. ರಾಗದ ಭರದಲ್ಲಿ ಅವಳಿಗೆ ಅದು ಹೊಳೆಯಲಿಲ್ಲ.

ಕೊನೆಯ ಎರಡು ಸಾಲು ಉಳಿದಿದ್ದವು. ಹಾಡುತ್ತಿದ್ದ ಹಾಗೇ ಲಕ್ಷ್ಮಿಬಾಯಿಗೆ ಅವು ದೂರದಿಂದ ಬರುವುದು ಕಂಡಿತು. ಆರಿಸದೆ ಬಿಟ್ಟ ಸಾಲುಗಳು ಅವೇ. ಬದಲಿಗೆ ಬೇರೆ ಏನಾದರೂ ಹಾಕಬೇಕೆಂದು ತಲೆಯೊಳಗೆಲ್ಲ ತಡಕಾಡಿದಳು, ಒಂದು ಪದವೂ ಕೈಗೆ ಸಿಗಲಿಲ್ಲ. ನೂರು ಮದುವೆಯಲ್ಲಿ ಹಾಡಿದ್ದ ಸಾಲು ನೂರೊಂದನೇ ಸಲವೂ ಅದೇ ಜಾಡಿನಲ್ಲಿ ಹೊರಟಿತು.

ಕೇಳಿದವರಿಗಿ ಇಲ್ಲ ಅಂದವನಲ್ಲ,
ಬಂದವರಿಗಿ ಬಾಗಿಲ ಹಾಕಿದವನಲ್ಲ.

ಹಿಂದಿನ ಸಾಲಿನ ಕುರಿಯವರು, ನಾಲ್ಕು ತಿಂಗಳಿಂದ ಬೀಗ ನೋಡಿ ನೋಡಿ ಬೇಸತ್ತವರು, ಎದ್ದು ನಿಂತು ಕೂಗಿದರು, "ಹೌದೇನವ್ವಾ?" ಇಡೀ ಹಾಲು ನಗೆಯಲ್ಲಿ ಮುಳುಗಿತು. ಬೀಗರ ಕಡೆಯ ಒಬ್ಬ ಮುದುಕ ರುಮಾಲು ತೆಗೆದು ಕಣ್ಣೊರೆಸಿಕೊಂಡ. ಮದುಮಗಳು ರಜನಿ ತಲೆ ತಗ್ಗಿಸಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಾಳೋ ನಗುತ್ತಾಳೋ ಲಕ್ಷ್ಮಿಬಾಯಿಗೆ ಗೊತ್ತಾಗಲಿಲ್ಲ.

ಸಾಹುಕಾರ ಕಟ್ಟಳೆ ಮುರಿಯಲಿಲ್ಲ. ಬೀಗರ ಎದುರಿಗೆ ಮುರಿಯುವುದು ಹೇಗೆ? ತಟ್ಟೆ ಹಿಡಿದು ಬಂದ. ಮುಖದ ಮೇಲೆ ನಗು ಹಾಗೇ ಇತ್ತು, ಕಿವಿ ಮಾತ್ರ ಕೆಂಪಗಾಗಿದ್ದವು. ಉಡಿಗೆ ಕಾಯಿ, ಎಲೆ ಅಡಿಕೆ, ಹಸಿರು ಕಣ ಹಾಕುವಾಗ ಬಗ್ಗಿ ಮೆಲ್ಲಗೆ ಹೇಳಿದ, "ನಾಳಿ ಮುಂಜಾನಿ ಖಣಿ ಹತ್ರ ಬಾ. ಗಂಡನ್ನೂ ಕರಕೊಂಡು ಬಾ."

ವಾಪಸು ಬರುವ ಟೆಂಪೋದಲ್ಲಿ ಹೆಂಗಸರು ಆ ಹಾಡನ್ನು ಮೂರು ಸಲ ಹಾಡಿದರು. "ಅವನ ಕೈಯಿಂದಲೇ ನೀರು ಇಸಗೊಂಡು ಕುಡದಳಲ್ಲ ನಮ್ಮಕ್ಕ, ಎಂಥಾ ಎದಿ ಇರಬೇಕು!" ಎಂದು ಸುಂದರಬಾಯಿ ಹೇಳಿದ್ದನ್ನೇ ಹೇಳಿದಳು. ಲಕ್ಷ್ಮಿಬಾಯಿ ಉಡಿಯ ಕಾಯಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು. ಊರಿನಲ್ಲಿ ಇಳಿದ ಮೇಲೆ ಮಾಳಿಂಗಪ್ಪ ಒಂದೇ ಮಾತು ಹೇಳಿದ, "ಹೊಗಳು ಅಂದ್ರ ಹಿಂಗ ಹೊಗಳೂದೇನು?"

"ನಾ ಖರೇನೇ ಹೊಗಳೀನಿ" ಎಂದಳು.

"ನನ್ನ ಮುಂದೂ ಅದೇ ಆಟ ಶುರು ಮಾಡಿದಿ?" ಎಂದು ಅವನು ಹಟ್ಟಿಯ ಕಡೆ ಹೋದ.

ಮುಂಜಾನೆ ಇಬ್ಬರೂ ಖಣಿಯ ದಾರಿ ಹಿಡಿದರು. ದಾರಿಯಲ್ಲಿ ಲಕ್ಷ್ಮಿಬಾಯಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಕಾಲು ಹಿಡಿಯುವುದು, ತಪ್ಪಾತು ಎನ್ನುವುದು, ಇನ್ನು ಜನ್ಮದಲ್ಲಿ ಹಾಡುವುದಿಲ್ಲ ಎಂದು ಆಣೆ ಮಾಡುವುದು. ಬೇವಿನ ಮರ ದಾಟಿ ತಿರುಗಿದಾಗ ಗೇಟಿನ ಮುಂದೆ ಟೆಂಪೋ ನಿಂತಿದ್ದು ಕಂಡಿತು. ಟೆಂಪೋದ ಮೇಲೆ ವೆಲ್ಡಿಂಗ್ ಮಷೀನು. ತಾಂಡೂರಿನಿಂದ ಬಂದ ಕೆಲಸದವನು ವೈರು ಎಳೆಯುತ್ತಿದ್ದ. ಮಾಳಿಂಗಪ್ಪ ನಡೆಯುವುದು ನಿಲ್ಲಿಸಿ ಹಾದಿಯಲ್ಲೇ ಕೂತುಬಿಟ್ಟ.

ಲಕ್ಷ್ಮಿಬಾಯಿ ಓಡಿದಳು. ಸೆರಗು ಬೇಲಿಗೆ ಸಿಕ್ಕು ಹರಿದದ್ದೂ ತಿಳಿಯಲಿಲ್ಲ. "ಸಾವ್ಕಾರ್ರ, ಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ, ಕುರಿ ಸಾಯ್ತಾವ್ರಿ, ವೆಲ್ಡಿಂಗ್ ಹೊಡಸಬ್ಯಾಡ್ರಿ..."

"ವೆಲ್ಡಿಂಗ್ ಅಲ್ಲವ್ವ, ಕೊಯ್ಯಾಕ ಕರಸೀನಿ" ಎಂದ ಸಾಹುಕಾರ. ರಾತ್ರಿ ನಿದ್ದೆ ಮಾಡದವನ ಕಣ್ಣು. ಮೊಬೈಲನ್ನು ಅವಳ ಮುಂದೆ ಹಿಡಿದ. ಅದರಲ್ಲಿ ಅವಳೇ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. "ಬೀದರ ಮುಟ್ಟ್ಯಾದ, ಜಹೀರಾಬಾದ ಮುಟ್ಟ್ಯಾದ. ಬಾಗಿಲ ಹಾಕಿದವನಲ್ಲ ಅಂತ ಎಲ್ಲಾರೂ ಹಾಡ್ಲಾಕತ್ತ್ಯಾರ. ಬೀಗರು ಫೋನ್ ಮಾಡಿ, ಏನದು ಬಾಗಿಲದ ಸುದ್ದಿ ಅಂತ ಕೇಳ್ಯಾರ. ಈಗ ಗೇಟು ಕಿತ್ತು ಹಾಕಿದ್ರ ನೀ ಹಾಡಿದ್ದು ಹೊಗಳಿಕೀನೇ ಆಗ್ತದ ಅಲ್ಲ? ಇಲ್ಲಂದ್ರ ಬೈಗುಳ ಆಗ್ಯೇ ಉಳೀತದ."

ಕೆಲಸದವನು ಕಟ್ಟರು ಹಚ್ಚಿದ. ಕಿಡಿ ಹಾರಿ ನೀರಿಗೆ ಬಿದ್ದವು. ಗೇಟಿನ ಒಂದು ಮಗ್ಗುಲು ವಾಲಿತು.

"ಸಾವ್ಕಾರ್ರ" ಎಂದಳು ಲಕ್ಷ್ಮಿಬಾಯಿ, "ನಾ ನಿಮ್ಮನ್ನ ಖರೇನೇ ಹೊಗಳಿದ್ದೆರಿ. ನನ್ನ ಮಗನ ಆಣಿ."

ಸಾಹುಕಾರ ಎರಡೂ ಕೈ ಜೋಡಿಸಿದ. "ಸಾಕು ತಾಯಿ. ಮಾಘದಾಗ ಮಗನ ಮದುವಿ ಅದ. ಬೈದರ ಬೈ, ಹೊಗಳಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಊರಿನ ಕುರಿಗಳೆಲ್ಲ ಖಣಿಗೆ ಇಳಿದಿದ್ದವು. ಮಾಳಿಂಗಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಮರಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದ. ದಂಡೆಯ ಮೇಲಿನ ಮಂದಿ ಲಕ್ಷ್ಮಿಬಾಯಿಯನ್ನು ಕೂಗಿ ಕೂಗಿ ಕರೆದರು. ಅವಳು ನಿಲ್ಲದೆ ಮನೆಗೆ ಬಂದಳು. ಖುಷಿಯಾಗಿತ್ತು, ಇಲ್ಲವೆಂದಲ್ಲ, ಕಣ್ಣಲ್ಲಿ ನೀರು ಬಂದಿತ್ತು. ಆದರೆ ಕಳ್ಳತನ ಮಾಡಿದವಳ ಹಾಗೆ ಎದೆ ಬಡಿದುಕೊಳ್ಳುತ್ತಿತ್ತು. ಮಾಘ ಬರುತ್ತದೆ. ಅದಕ್ಕೂ ಮೊದಲು ಪಕ್ಕದ ಊರಿನವರು ತಮ್ಮ ಗೋಳು ಹಿಡಿದುಕೊಂಡು ಬರುತ್ತಾರೆ, ನಮಗೂ ಒಂದು ಹಾಡು ಕಟ್ಟಿಕೊಡು ಎನ್ನುತ್ತಾರೆ. ಅವರೆಲ್ಲ ನಂಬಿದ ಎದೆ ತನ್ನೊಳಗೆ ಇಲ್ಲವಲ್ಲ.

ಈಶಮ್ಮ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಲಗಿದ್ದಳು. ಎಂಬತ್ತೈದು ದಾಟಿತ್ತು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಲಕ್ಷ್ಮಿಬಾಯಿ ಅವಳ ಕಾಲ ಬಳಿ ಕುಸಿದು ಕೂ‌ತು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಅಂಜಿ ಹೊಗಳಿಕೆ ಕಟ್ಟಿದ್ದು, ಗಂಟಲು ಒಣಗಿದ್ದು, ಬಾಟಲಿ, ಗುಟುಕು, ಎಲ್ಲ.

"ಅತ್ತಿ, ನಾ ಅವನಿಗಿ ಎದುರು ನಿಂತವಳಲ್ಲ. ಅಂಜಿಕಿಗಿ ನೀರು ಕುಡದೆ. ಅದನ್ನ ಅವರು ಧೈರ್ಯ ಅಂತ ತಿಳಕೊಂಡ್ರು. ನಿನ್ನ ವಿದ್ಯೆಗಿ ನಾ ಮೋಸ ಮಾಡಿದೆ."

ಮುದುಕಿ ಕೈ ಚಾಚಿ ಸೊಸೆಯ ಮುಖ ತಡವಿದಳು.

"ನಾ ಯಾಕ ಕುಡೀತಿದ್ದೆ ಅಂತ ತಿಳಕೊಂಡಿದಿ?" ಎಂದಳು. "ದೊಡ್ಡವರ ಮ್ಯಾಲ ಹಾಡಬೇಕಾದ್ರ ಪ್ರತಿ ಸಲ ನನ್ನ ಗಂಟಲ ಒಣಗತಿತ್ತು. ಹಿಂದಿನವರು ಅದನ್ನ ಗುರ್ತು ಅಂತ ಹಿಡದ್ರು. ಅಲ್ಲ ಅಂತ ಹೇಳಾಕ ನನಗೂ ನಾಚಿಕಿ ಆತು."

ಖಣಿಯ ಕಡೆಯಿಂದ ಹೆಂಗಸರ ಹಾಡು ಕೇಳುತ್ತಿತ್ತು. ಮುದುಕಿ ನೀರು ಬೇಕೆಂದಳು. ಸೊಸೆ ತಂಬಿಗೆ ತುಂಬಿ ತಂದಳು, ಅತ್ತೆಗೆ ಕುಡಿಸಿ ಉಳಿದದ್ದನ್ನು ತಾನು ಕುಡಿದಳು.